ಹೀಟರ್ ಪ್ಲಗ್ಗು

ಈ ಚಳಿಗಾಲ ಪೂರ್ತಿ ನಮ್ಮ ಮೆಟಡೋರು ತಳ್ಳಿದವರು:
ಹಾಲು ಹಾಕುವ ಪರಸಪ್ಪ, ಟ್ಯೂಷನ್ನಿಗೆ ಹೊರಟ ಇಬ್ಬರು ಹುಡುಗರು,
ಫಜರ್ ಮುಗಿಸಿ ಬರುವ ಮುದುಕರಲ್ಲಿ ಸೊಂಟ ಗಟ್ಟಿ ಇದ್ದವರು,
ಒಂದು ದಿನ ಯಾರೂ ಸಿಗದೆ ನಾನು, ಸೆರಗು ಸಿಕ್ಕಿಸಿಕೊಂಡು.
ಒಳಗೆ ನಲವತ್ತು ಚೀಲ ಮಂಡಕ್ಕಿ. ಅದಕ್ಕೇನು ತೂಕ,
ಗಾಳಿಯನ್ನೇ ಹೇರಿದ ಹಾಗೆ.
ಭಾರವೆಲ್ಲ ಕಬ್ಬಿಣದ್ದು. ಮತ್ತೆ ದಾಕ್ಷಿಣ್ಯದ್ದು.

ಮೊನ್ನೆ ಪರಸಪ್ಪ ಓಣಿ ಬದಲಿಸಿದ.
ಕ್ಯಾನು ಸದ್ದಾಗದಂತೆ ಹಿಡಿದು ಹಿಂದಿನ ಸಂದಿಯಿಂದ ಹೋದದ್ದು
ಮಾಳಿಗೆ ಮೇಲಿನಿಂದ ನನಗೆ ಕಂಡಿತು.
ಬಾಬಾಜಾನನಿಗೆ ಹೇಳಲಿಲ್ಲ.
ಪಿ.ಬಿ. ರೋಡಿಗೆ ಹೋಗಿ ನಾಲ್ಕು ಪ್ಲಗ್ಗು ತಂದೆ.
ಅಂಗಡಿಯವ ಕೇಳಿದ: ಯಾವ ಮೇಸ್ತ್ರಿ ಕಳಿಸಿದ್ದು?

ಶುಕ್ರವಾರ. ಭಟ್ಟಿಗೆ ರಜ.
ಸೀಟುಗಳ ನಡುವಿನ ಮುಚ್ಚಳ ಎತ್ತಿದರೆ
ಎಂಜಿನ್ನಿನ ಸಂದಿಗೊಂದಿಯಲ್ಲೆಲ್ಲ ಮಂಡಕ್ಕಿ,
ಎಣ್ಣೆ ಕುಡಿದು ಕಪ್ಪಾದವು. ಒಂದು ಕಾಳು ಮಾತ್ರ
ಹೇಗೋ ಬೆಳ್ಳಗೆ.

ಪ್ಲಗ್ಗಿರುವುದು ಡೀಸೆಲ್ ಪೈಪುಗಳ ಹಿಂದೆ.
ಅವನ ಕೈ ಹೋಗಲಿಲ್ಲ. ಮಣಿಕಟ್ಟಿನ ತನಕ ತುರುಕಿ, ತರಚಿಕೊಂಡು,
ಇದನ್ನು ಮಾಡಿದವನ ಏಳು ತಲೆಮಾರಿಗೆ ಬೈದ.
ನನ್ನದು ಹೋಯಿತು.
ಬಳೆ ಕಳಚಿ ಟೂಲ್ ಡಬ್ಬಿಯಲ್ಲಿಟ್ಟೆ, ಹನ್ನೆರಡರ ಪಾನಾದ ಪಕ್ಕ.
ಕಾಣದ ಕಡೆ ಬೆರಳೇ ಕಣ್ಣು:
ಇದು ವೈರು, ಇದು ನಟ್ಟು,
ಇದು ಯಾರೋ ಎಂದೋ ಬೀಳಿಸಿ ಮರೆತ ವಾಷರು.
“ಕಾಲು ಸುತ್ತು ಬಿಚ್ಚು, ಮತ್ತೆ ಹಿಂದಕ್ಕೆ ತಿರುವು,
ಸೀಮೆಎಣ್ಣೆ ಬಿಡು, ಕಾಯಿ”
ಅಂತ ಅವನು ಸೀಟಿನ ಮೇಲೆ ಕೂತು ಹೇಳುತ್ತಲೇ ಇದ್ದ,
ಹೆರಿಗೆ ಕೋಣೆಯ ಹೊರಗೆ ನಿಂತ ಗಂಡಸು.

ಮೂರು ಬಂದವು.
ನಾಲ್ಕನೆಯದು ಕಿರ್ ಅಂದಿತು.
ಬಿಗಿಯಾದ ಬಳೆ ಒಡೆಯುವ ಮುಂಚೆ
ಬೆರಳಿಗೆ ಹೀಗೇ ಹೇಳುತ್ತದೆ.
“ಇನ್ನೊಂದು ಸಲ ಎಳಿ” ಅಂದ.
ಎಳೆಯಲಿಲ್ಲ. ಪಾನಾ ಬಿಟ್ಟೆ.

ಅಷ್ಟರಲ್ಲಿ ಅತ್ತೆ ಬಂದಳು ಗೋಡೆ ಹಿಡಿದು.
ಕಣ್ಣಿಗೆ ಪೊರೆ. ನಮ್ಮ ಮುಖಗಳನ್ನು ದನಿಯಿಂದ ಗುರುತಿಸುತ್ತಾಳೆ.
ನಲವತ್ತು ವರ್ಷ ಭಟ್ಟಿಯ ಮುಂದೆ ಬಿಸಿ ಮರಳು ಕೆದರಿದವಳು.
ಹಳೆಯ ಪ್ಲಗ್ಗುಗಳನ್ನು ಒಂದೊಂದೇ ಬ್ಯಾಟರಿಗೆ ಮುಟ್ಟಿಸಿದೆವು,
ಅಡುಗೆಮನೆಯ ಕತ್ತಲಲ್ಲಿ, ಇಕ್ಕಳದಲ್ಲಿ ಹಿಡಿದು.
“ಇದು ಸತ್ತೈತಿ.”
“ಇದೂ.”
ಮೂರನೆಯದಕ್ಕೆ ಸ್ವಲ್ಪ ಹೊತ್ತು ಬಾಗಿದಳು.
“ಇಟ್ಟಿಗಿ ಬಣ್ಣ. ಈ ಕಾವಿಗೆ ಅಕ್ಕಿ ಅರಳಲ್ಲ ಮಗಾ,
ಹುರೀತತಿ ಅಷ್ಟೆ.”
ಹೊಸದು ಹಿಡಿದೆ.
ತುದಿ ಮೊದಲು ಕಂದು, ಆಮೇಲೆ ಕೆಂಪು,
ಆಮೇಲೆ ನನಗೆ ಹೆಸರು ಗೊತ್ತಿಲ್ಲದ ಒಂದು ಬಣ್ಣ.
ಅವಳ ಮುಖಕ್ಕೆ ಅದರ ಬೆಳಕು ಬಿತ್ತು.
“ಹಾಂ,” ಅಂದಳು. “ಈಗ ಹಾಕು ಅಕ್ಕಿ.”

ಬೆಳಗಿನ ಐದು. ಬಾಯಿ ತೆರೆದರೆ ಹೊಗೆ.
ಹೊಸವು ಮೂರು, ಅಲುಗದ ಹಳೆಯದೊಂದು.
ಅವನಿಗೆ ಎಂದೂ ಕಾಯುವ ಅಭ್ಯಾಸವಿಲ್ಲ.
ಕೀಲಿ ಅರ್ಧ ತಿರುಗಿಸಿದವನೇ ಪೂರ್ತಿ ತಿರುಗಿಸಬೇಕು,
ಕಿಟಕಿಯಿಂದ ಕೈ ಹಾಕಿ ಅತ್ತೆ ಮಣಿಕಟ್ಟು ಹಿಡಿದಳು.
“ತಡಿ. ಒಂದು ಮೊರ ಕೇರುವಷ್ಟು ತಡಿ.”
ಆಮೇಲೆ ಕೈ ಬಿಟ್ಟು, ಕತ್ತಲಲ್ಲಿ ನಿಂತು,
ಇಲ್ಲದ ಮೊರವನ್ನು ಕೇರತೊಡಗಿದಳು:
ಮೇಲಕ್ಕೆ, ಕೆಳಕ್ಕೆ, ಹೊಟ್ಟು ಆಚೆಗೆ,
ಮೇಲಕ್ಕೆ, ಕೆಳಕ್ಕೆ.
ನಾವಿಬ್ಬರೂ ಆ ಬರಿಗೈಯನ್ನೇ ನೋಡುತ್ತಿದ್ದೆವು.
“ಈಗ.”

ಕೆಮ್ಮಿತು. ಓಣಿ ತುಂಬ ಬಿಳಿ ಹೊಗೆ.
ಮೂರು ಕಾಲಿನ ಮಂಚದಂತೆ ಕುಂಟಿ, ನಡುಗಿ,
ಇನ್ನೇನು ನಿಂತಿತು ಅನ್ನುವಾಗ ನಾಲ್ಕನೆಯದೂ ಸೇರಿಕೊಂಡಿತು,
ಊಟದ ಸಾಲಿಗೆ ತಡವಾಗಿ ಬಂದವನ ಹಾಗೆ, ತಲೆ ತಗ್ಗಿಸಿ.

ತಿರುವಿನಲ್ಲಿ ಪರಸಪ್ಪ ನಿಂತಿದ್ದ,
ಕ್ಯಾನು ಕೆಳಗಿಟ್ಟು, ತೋಳು ಮಡಚಿಕೊಂಡು, ತಳ್ಳಲು ತಯಾರಾಗಿ.
ಈ ಓಣಿಗೆ ಮತ್ತೆ ಯಾಕೆ ಬಂದೆ ಅಂತ ಕೇಳಲಿಲ್ಲ.
ಅರ್ಧ ಲೀಟರು ಜಾಸ್ತಿ ಹಾಕು ಅಂದೆ.

ವ್ಯಾನು ಹರಿಹರದ ದಾರಿ ಹಿಡಿದ ಮೇಲೆ
ಪಾತ್ರೆ ಚಾಚಿದಾಗ ನೋಡಿಕೊಂಡೆ:
ನಿನ್ನೆಯಿಂದ ಬರಿಗೈ.
ಒಂದು ಡಜನ್ ಹಸಿರು ಗಾಜು
ಪಾನಾಗಳ ಜೊತೆ ಕುಲುಕಿಕೊಂಡು ಹೋಗುತ್ತಿದೆ.